ಎದ್ದು ಕೂತವನು ಯಾರು?

ಕಳೆದ ತಿಂಗಳು ಹಾಸ್ಟೆಲ್ಲಿನ ಒಂದು ರೂಮಿನಲ್ಲಿ ಲ್ಯಾಪ್‌ಟಾಪಿನ ಸುತ್ತ ಆರು ಜನ ಕೂತು 1931ರ ‘ಫ್ರಾಂಕೆನ್‌ಸ್ಟೈನ್’ ಸಿನಿಮಾ ನೋಡಿದೆವು. ಗುಡುಗು, ಮಿಂಚು, ಚಾವಣಿ ಕಡೆಗೆ ಏರೋ ಮೇಜು, ಅದರ ಮೇಲೆ ಚಪ್ಪಟೆ ತಲೆಯ ಬೋರಿಸ್ ಕಾರ್ಲಾಫ್. ಸಿನಿಮಾ 70 ನಿಮಿಷಕ್ಕೆ ಮುಗೀತು, ಜಗಳ ಮಾತ್ರ ರಾತ್ರಿ ಎರಡರವರೆಗೂ ನಡೀತು. ಸತ್ತವರ ತುಂಡುಗಳನ್ನ ಹೊಲಿದು ಎಬ್ಬಿಸಿದ ಆ ಜೀವಕ್ಕೆ ಆತ್ಮ ಇದೆಯಾ? ಇದ್ದರೆ ಅದು ಯಾರದ್ದು? ಕಂಪ್ಯೂಟರ್ ಸೈನ್ಸಿನವರು ಮೆದುಳೇ ಹಾರ್ಡ್ ಡಿಸ್ಕು, ಅದು ಯಾರದ್ದೋ ಅವನೇ ಇವನು ಅಂದರು. ಮೆಕ್ಯಾನಿಕಲ್‌ನವರು ಆರ್‌ಸಿ ಬುಕ್ಕಿನಲ್ಲಿ ಎಂಜಿನ್ ನಂಬರೂ ಇರುತ್ತೆ, ಚಾಸಿಸ್ ನಂಬರೂ ಇರುತ್ತೆ, ಒಂದನ್ನೇ ನೋಡಿ ಗಾಡಿ ಯಾರದ್ದು ಅಂತ ಹೇಳೋಕಾಗಲ್ಲ ಅಂದರು. ಒಬ್ಬರು ಕಾರ್ನಾಡರ ‘ಹಯವದನ’ ತಂದರು. ಅಲ್ಲಿ ದೇವದತ್ತ ಮತ್ತು ಕಪಿಲರ ತಲೆಗಳು ಅದಲು ಬದಲಾದಾಗ ಋಷಿ ತಲೆಯ ಕಡೆಗೇ ತೀರ್ಪು ಕೊಟ್ಟು ಕಳಿಸ್ತಾನೆ, ಆದರೆ ಮೈ ಸುಮ್ಮನಿರಲ್ಲ.

ಜಗಳ ಬಗೆಹರಿಯಲಿಲ್ಲ. ಹಾಗಾಗಿ ಮೂಲ ಪುಸ್ತಕವನ್ನೇ ಓದೋಣ ಅಂತ ಹೊರಟೆವು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲೇ ಓದಿದ ನಮಗೂ ಆ ಇಂಗ್ಲಿಷು ಬೆವರಿಳಿಸಿತು, ಅದನ್ನ ಇಲ್ಲೇ ಒಪ್ಪಿಕೊಂಡುಬಿಡ್ತೀವಿ. ಓದ್ತಾ ಓದ್ತಾ ಪುಸ್ತಕಕ್ಕಿಂತ ಅದನ್ನ ಬರೆದವಳ ಬದುಕೇ ನಮ್ಮನ್ನ ಹಿಡಿದುಕೊಂಡಿತು. ನಮ್ಮ ಪ್ರಶ್ನೆ ಮೇರಿ ಶೆಲ್ಲಿಗೆ ಮನೆಯೊಳಗಿನ ಪ್ರಶ್ನೆಯಾಗಿತ್ತು. ನಮಗಿಂತ ಇನ್ನೂರು ಚಿಲ್ಲರೆ ವರ್ಷ ದೊಡ್ಡವರು, ಬಹುವಚನ ಬಳಸಬೇಕು, ಗೊತ್ತು. ಆದರೆ ಆ ಪುಸ್ತಕದ ಬಹುಪಾಲು ಬರೆಯುವಾಗ ಅವಳಿಗೆ ಹತ್ತೊಂಬತ್ತು, ನಮ್ಮದೇ ವಯಸ್ಸು. ಅದಕ್ಕೇ ಅವಳು ಅಂತಲೇ ಬರೀತೀವಿ.

ಮೇರಿ ಹುಟ್ಟಿದ್ದು 1797ರ ಆಗಸ್ಟ್ 30ರಂದು, ಲಂಡನ್ನಿನಲ್ಲಿ. ತಾಯಿ ಮೇರಿ ವೋಲ್‌ಸ್ಟನ್‌ಕ್ರಾಫ್ಟ್, 1792ರಲ್ಲಿ ಹೆಂಗಸರ ಹಕ್ಕುಗಳ ಬಗ್ಗೆ ಪುಸ್ತಕ ಬರೆದು ಹೆಸರಾದವರು. ತಂದೆ ವಿಲಿಯಂ ಗಾಡ್ವಿನ್, ಸರ್ಕಾರವೇ ಬೇಡ ಅನ್ನುವಷ್ಟು ದೂರ ಹೋಗಿದ್ದ ರಾಜಕೀಯ ಚಿಂತಕ. ಹೆರಿಗೆಯಾದ ಮೇಲೆ ಮಾಸು ಬೀಳಲಿಲ್ಲ. ವೈದ್ಯ ಕೈಹಾಕಿ ತೆಗೆದ. ಕೈ ತೊಳೆಯಬೇಕು ಅನ್ನೋದು ವೈದ್ಯರಿಗೇ ಗೊತ್ತಿಲ್ಲದ ಕಾಲ ಅದು. ಸೋಂಕಾಗಿ, ಜ್ವರ ಏರಿ, ಸೆಪ್ಟೆಂಬರ್ 10ಕ್ಕೆ ತಾಯಿ ತೀರಿಕೊಂಡರು. ಮಗುವಿಗೆ ಹನ್ನೊಂದು ದಿನ.

ಇದಕ್ಕೂ ಎರಡು ವರ್ಷ ಹಿಂದೆ ನಡೆದ ಒಂದು ಸಂಗತಿ ಇದೆ. 1795ರ ಅಕ್ಟೋಬರಿನಲ್ಲಿ, ಬೇರೊಬ್ಬನ ಪ್ರೀತಿಯಲ್ಲಿ ಮೋಸಹೋಗಿದ್ದ ವೋಲ್‌ಸ್ಟನ್‌ಕ್ರಾಫ್ಟ್ ಪಟ್ನಿ ಸೇತುವೆಯಿಂದ ಥೇಮ್ಸ್ ನದಿಗೆ ಹಾರಿದ್ದರು. ಪ್ರಜ್ಞೆ ತಪ್ಪಿ ತೇಲುತ್ತಿದ್ದವರನ್ನ ದೋಣಿಯವರು ಎತ್ತಿ ದಡಕ್ಕೆ ತಂದರು, ಅಲ್ಲಿ ಉಪಚಾರ ಮಾಡಿ ಉಸಿರು ತರಿಸಿದರು. ಆ ಊರಿನಲ್ಲಿ ನೀರಿನಲ್ಲಿ ಮುಳುಗಿದವರನ್ನ ಬದುಕಿಸೋಕೆ ಅಂತಲೇ 1774ರಿಂದ ಒಂದು ಸಂಸ್ಥೆ ಇತ್ತು. ಮುಳುಗಿ ಸತ್ತಂತೆ ಕಂಡವರೆಲ್ಲ ಸತ್ತಿರಲ್ಲ, ಗಾಳಿ ಊದಿ, ಮೈ ಉಜ್ಜಿ ವಾಪಸ್ ತರಬಹುದು ಅನ್ನೋದು ಆಗಿನ ಹೊಸ ವಿಚಾರ. ವಾಪಸ್ ಬಂದ ವೋಲ್‌ಸ್ಟನ್‌ಕ್ರಾಫ್ಟ್‌ಗೆ ಖುಷಿಯೇನೂ ಆಗಲಿಲ್ಲ, ತನ್ನನ್ನ ಎಬ್ಬಿಸಿದ್ದೇ ಕ್ರೌರ್ಯ ಅನ್ನೋ ಅರ್ಥದಲ್ಲಿ ಪತ್ರ ಬರೆದರು. ಆಮೇಲೆ ಬದುಕು ನಿಧಾನಕ್ಕೆ ತಿರುಗಿತು, ಗಾಡ್ವಿನ್ ಸಿಕ್ಕರು, ಮೇರಿ ಹುಟ್ಟಿದಳು. ಹೆಂಡತಿ ಸತ್ತ ಮರುವರ್ಷವೇ ಗಾಡ್ವಿನ್ ಇದನ್ನೆಲ್ಲ ಬಿಚ್ಚಿಟ್ಟು ಆಕೆಯ ಜೀವನಚರಿತ್ರೆ ಬರೆದು ಅಚ್ಚು ಹಾಕಿಸಿದರು, ಊರೆಲ್ಲ ಛೀ ಅಂತು. ಅಂದರೆ ಸತ್ತವಳೆಂದುಕೊಂಡು ಎಬ್ಬಿಸಿದವಳ ಹೊಟ್ಟೆಯಲ್ಲಿ ತಾನು ಹುಟ್ಟಿದ್ದು ಅಂತ ಮೇರಿಗೆ ಓದೋಕೆ ಬಂದಾಗಿನಿಂದ ಗೊತ್ತಾಗುವ ಹಾಗೆ ಮನೆಯಲ್ಲೇ ಪುಸ್ತಕ ಇತ್ತು.

ಸೇಂಟ್ ಪ್ಯಾನ್‌ಕ್ರಾಸ್ ಚರ್ಚಿನ ಅಂಗಳದಲ್ಲಿ ತಾಯಿಯ ಸಮಾಧಿ. ಹುಡುಗಿ ಪುಸ್ತಕ ಹಿಡಿದುಕೊಂಡು ಅಲ್ಲೇ ಹೋಗಿ ಕೂರುತ್ತಿದ್ದಳು. ಕಲ್ಲಿನ ಮೇಲೆ ಕೆತ್ತಿದ್ದ ಹೆಸರು ಮೇರಿ ವೋಲ್‌ಸ್ಟನ್‌ಕ್ರಾಫ್ಟ್ ಗಾಡ್ವಿನ್. ಅವಳ ಹೆಸರೂ ಅದೇ. ತನ್ನ ಹೆಸರಿರುವ ಸಮಾಧಿ ಪಕ್ಕ ಕೂತು ಓದೋದು ಹೇಗಿರಬಹುದು ಅಂತ ನಾವು ಸುಮಾರು ಹೊತ್ತು ಯೋಚಿಸಿದೆವು.

ಈಗ ಸ್ವಲ್ಪ ನಮ್ಮ ಏರಿಯಾಕ್ಕೆ ಬರೋಣ. ಮೇರಿ ಹುಟ್ಟುವ ಮೊದಲೇ ಇಟಲಿಯಲ್ಲಿ ಗ್ಯಾಲ್ವಾನಿ ಸತ್ತ ಕಪ್ಪೆಯ ಕಾಲಿಗೆ ಎರಡು ಬೇರೆ ಬೇರೆ ಲೋಹ ಮುಟ್ಟಿಸಿದಾಗ ಅದು ಒದೆಯೋದನ್ನ ನೋಡಿದ್ದ. ವಿದ್ಯುತ್ತು ಪ್ರಾಣಿಯ ಒಳಗೇ ಇದೆ ಅಂತ ಅವನ ವಾದ. ಇಲ್ಲ, ವಿದ್ಯುತ್ತು ಬರ್ತಿರೋದು ಲೋಹಗಳಿಂದ, ಕಾಲು ಅದನ್ನ ತೋರಿಸ್ತಿದೆ ಅಷ್ಟೇ ಅಂತ ವೋಲ್ಟಾ. ಈ ಹಟದಲ್ಲೇ ವೋಲ್ಟಾ 1800ರಲ್ಲಿ ಮೊದಲ ಬ್ಯಾಟರಿ ಪ್ರಕಟಿಸಿದ. ನಮ್ಮ ಲ್ಯಾಬಿನ ಗ್ಯಾಲ್ವನೋಮೀಟರಿಗೆ ಕಪ್ಪೆ ಕಾಲಿನವನ ಹೆಸರು, ವೋಲ್ಟ್‌ಮೀಟರಿಗೆ ಬ್ಯಾಟರಿಯವನ ಹೆಸರು. ಒಂದೇ ಬೆಂಚಿನ ಮೇಲೆ ಇಬ್ಬರೂ ಕೂತಿರ್ತಾರೆ, ನಾವು ಗಮನಿಸಿರಲೇ ಇಲ್ಲ.

1803ರ ಜನವರಿಯಲ್ಲಿ ಗ್ಯಾಲ್ವಾನಿಯ ಸೋದರಳಿಯ ಆಲ್ಡಿನಿ ಲಂಡನ್ನಿನಲ್ಲಿದ್ದ. ಹೆಂಡತಿ ಮಗುವನ್ನ ಕೊಂದ ಆರೋಪದ ಮೇಲೆ ಗಲ್ಲಿಗೇರಿಸಿದ ಜಾರ್ಜ್ ಫಾರ್ಸ್ಟರ್ ಅನ್ನುವವನ ಹೆಣಕ್ಕೆ ದೊಡ್ಡ ಬ್ಯಾಟರಿಯ ತಂತಿ ಮುಟ್ಟಿಸಿದ. ದವಡೆ ನಡುಗಿತು, ಒಂದು ಕಣ್ಣು ತೆರೆಯಿತು, ಬಲಗೈ ಮೇಲೆದ್ದು ಮುಷ್ಟಿ ಕಟ್ಟಿತು. ನೋಡಿದವರಿಗೆ ಅವನು ಎದ್ದೇಬಿಟ್ಟ ಅನ್ನಿಸಿತು. ಮೇರಿಗೆ ಆಗ ಐದು ವರ್ಷ. ಮುಂದೆ ಅವಳು ಕಾದಂಬರಿ ಬರೆಯುವ ಹೊತ್ತಿಗೆ ಲಂಡನ್ನಿನ ಇಬ್ಬರು ಶಸ್ತ್ರವೈದ್ಯರ ನಡುವೆ ಬಹಿರಂಗ ಕಿತ್ತಾಟ ಶುರುವಾಗಿತ್ತು. ದೇಹಕ್ಕೆ ಹೊರಗಿನಿಂದ ಸೇರಿಕೊಳ್ಳುವ ವಿದ್ಯುತ್ತಿನಂಥ ಸೂಕ್ಷ್ಮ ವಸ್ತುವೇ ಜೀವ ಅಂತ ಅಬರ್ನೆಥಿ. ಹಾಗೇನಿಲ್ಲ, ಅಂಗಗಳು ಸರಿಯಾಗಿ ಜೋಡಿಸಿಕೊಂಡು ಕೆಲಸ ಮಾಡೋದಕ್ಕೇ ಜೀವ ಅಂತ ಹೆಸರು ಅಂತ ಅವರ ಶಿಷ್ಯ ಲಾರೆನ್ಸ್. ಆತ್ಮವನ್ನೇ ತೆಗೆದುಹಾಕ್ತಿದ್ದಾನೆ ಅಂತ ಲಾರೆನ್ಸ್ ಮೇಲೆ ಎಷ್ಟು ಗಲಾಟೆಯಾಯಿತೆಂದರೆ 1819ರಲ್ಲಿ ಬಂದ ಅವರ ಪುಸ್ತಕವನ್ನ ವಾಪಸ್ ತೆಗೆದುಕೊಳ್ಳಬೇಕಾಯಿತು. ಈ ಲಾರೆನ್ಸ್ ಮೇರಿಯ ಗಂಡನಿಗೆ ಔಷಧಿ ಕೊಡುತ್ತಿದ್ದ ವೈದ್ಯ.

ಗಂಡ ಅಂದೆವು, ಆ ಕಥೆ ಬೇಗ ಹೇಳಿಬಿಡ್ತೀವಿ. ಕವಿ ಪರ್ಸಿ ಬಿಷ್ ಶೆಲ್ಲಿ ಗಾಡ್ವಿನ್ನರ ಅಭಿಮಾನಿ, ಆಗಲೇ ಮದುವೆಯಾಗಿದ್ದವನು. ಅದೇ ಸಮಾಧಿಯ ಹತ್ತಿರ ಇಬ್ಬರೂ ಕದ್ದು ಭೇಟಿಯಾಗುತ್ತಿದ್ದರು. 1814ರ ಜುಲೈ 28ಕ್ಕೆ ಮೇರಿ ಅವನ ಜೊತೆ ಫ್ರಾನ್ಸಿಗೆ ಓಡಿಹೋದಳು, ಮಲಸೋದರಿ ಕ್ಲೇರ್‌ಳನ್ನೂ ಕರೆದುಕೊಂಡು. ಅವಳಿಗೆ ಹದಿನಾರು. ಸ್ವಾತಂತ್ರ್ಯದ ಬಗ್ಗೆ ಪುಟಗಟ್ಟಲೆ ಬರೆದಿದ್ದ ಅಪ್ಪ ಮಗಳ ಜೊತೆ ಮಾತು ಬಿಟ್ಟರು, ಅಳಿಯನಿಂದ ಸಾಲ ಕೇಳೋದನ್ನ ಮಾತ್ರ ಬಿಡಲಿಲ್ಲ.

1815ರ ಫೆಬ್ರುವರಿಯಲ್ಲಿ ದಿನ ತುಂಬುವ ಮೊದಲೇ ಮೇರಿಗೆ ಹೆಣ್ಣುಮಗು ಹುಟ್ಟಿತು. ಎರಡು ವಾರವೂ ಬದುಕಲಿಲ್ಲ. ಹೆಸರಿಡುವ ಮೊದಲೇ ಹೋಯಿತು. ಕೆಲವು ದಿನದ ಮೇಲೆ ಡೈರಿಯಲ್ಲಿ ಮೇರಿ ಒಂದು ಕನಸು ಬರೆದುಕೊಂಡಳು. ಮಗು ಸತ್ತಿರಲಿಲ್ಲವಂತೆ, ಬರೀ ತಣ್ಣಗಾಗಿತ್ತಂತೆ, ಬೆಂಕಿ ಮುಂದೆ ಮೈ ಉಜ್ಜಿದಾಗ ಬದುಕಿತಂತೆ. ಎದ್ದು ನೋಡಿದರೆ ಮಗು ಇಲ್ಲ. ಕನಸಿನಲ್ಲಿ ಮಾಡಿದ ಉಪಚಾರ, ಮೈ ಉಜ್ಜೋದು, ಬಿಸಿ ಕೊಡೋದು, ತಾಯಿಯನ್ನ ನದಿಯಿಂದ ಎತ್ತಿದ ಕಾಲದವರು ಮಾಡುತ್ತಿದ್ದ ಉಪಚಾರವೇ. ಆ ದಿನಗಳಲ್ಲಿ ಮೇರಿಗೆ ಬೇಕಾಗಿದ್ದು ಹೊಸ ಮಗು ಅಲ್ಲ, ಅದೇ ಮಗು ಅಂತ ನಮಗನ್ನಿಸುತ್ತೆ.

ಆ ಏಪ್ರಿಲಿನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ಧೂಳು ಗಂಧಕ ಎಲ್ಲ ಮೇಲೇರಿ, 1816ರಲ್ಲಿ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ಪಕ್ಕ ಲಾರ್ಡ್ ಬೈರನ್ ಬಾಡಿಗೆಗೆ ಹಿಡಿದಿದ್ದ ಬಂಗಲೆಯಲ್ಲಿ ಮಳೆಗೆ ಸಿಕ್ಕಿಕೊಂಡ ಐದು ಜನ: ಬೈರನ್, ಅವನ ವೈದ್ಯ ಪೊಲಿಡೋರಿ, ಪರ್ಸಿ, ಕ್ಲೇರ್, ಮೇರಿ. ಒಬ್ಬೊಬ್ಬರೂ ಒಂದೊಂದು ದೆವ್ವದ ಕಥೆ ಬರೆಯೋಣ ಅಂತ ಬೈರನ್ ಪಂದ್ಯ ಕಟ್ಟಿದ. ರಾತ್ರಿಯೆಲ್ಲ ಜೀವ ಅಂದರೇನು ಅನ್ನೋ ಹರಟೆ. ಚಾರ್ಲ್ಸ್ ಡಾರ್ವಿನ್ನನ ತಾತ ಎರಾಸ್ಮಸ್ ಡಾರ್ವಿನ್ ಗಾಜಿನ ಪಾತ್ರೆಯಲ್ಲಿ ಇಟ್ಟಿದ್ದ ಶಾವಿಗೆಯ ತುಂಡು ತಾನಾಗಿ ಅಲುಗಾಡಿತಂತೆ ಅನ್ನೋ ಸುದ್ದಿಯೂ ಬಂತು. (ನಮ್ಮ ಮೆಸ್ಸಿನ ಶಾವಿಗೆ ಉಪ್ಪಿಟ್ಟನ್ನ ಅವರು ನೋಡಬೇಕಿತ್ತು.) ಮೇರಿ ಹೆಚ್ಚು ಮಾತಾಡದೆ ಕೇಳಿಸಿಕೊಳ್ತಾ ಕೂತಿದ್ದಳು. ಕೆಲವು ದಿನ ಏನೂ ಹೊಳೆಯಲಿಲ್ಲ. ಆಮೇಲೆ ಒಂದು ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ, ತಾನು ಜೋಡಿಸಿದ ಹೆಣದ ಪಕ್ಕ ಮಂಡಿಯೂರಿ ಕೂತ ವಿದ್ಯಾರ್ಥಿಯೊಬ್ಬ ಕಣ್ಣ ಮುಂದೆ ಬಂದ.

ವಿಕ್ಟರ್ ಫ್ರಾಂಕೆನ್‌ಸ್ಟೈನ್ ಡಾಕ್ಟರಲ್ಲ, ಪ್ರೊಫೆಸರೂ ಅಲ್ಲ. ಜರ್ಮನಿಯ ಇಂಗೋಲ್‌ಸ್ಟಾಟ್‌ನಲ್ಲಿ ಓದ್ತಿರೋ ಸ್ಟೂಡೆಂಟ್, ನಮ್ಮ ಥರ. ಮೂಳೆಮನೆ, ಅಂಗಚ್ಛೇದನದ ಕೋಣೆ, ಕಸಾಯಿಖಾನೆ, ಮೂರೂ ಕಡೆಯಿಂದ ಸಾಮಾನು ತರ್ತಾನೆ. ತುಂಡಿನ ಜೊತೆ ಆತ್ಮ ಬರೋದಾದರೆ ಅದರಲ್ಲಿ ದನದ ಪಾಲೂ ಇರಬೇಕು! ಸಿನಿಮಾದಲ್ಲಿ ಅಪರಾಧಿಯ ಮೆದುಳು ಬಂದು ಸೇರುತ್ತಲ್ಲ, ಅದು ಪುಸ್ತಕದಲ್ಲಿ ಇಲ್ಲವೇ ಇಲ್ಲ. ಮೆದುಳು ಯಾರದ್ದು ಅಂತ ಮೇರಿ ಕೇಳೋದೂ ಇಲ್ಲ, ಹೇಳೋದೂ ಇಲ್ಲ. ಮಿಂಚಿನ ಗೋಪುರವೂ ಇಲ್ಲ, ಒಂದು ಕಿಡಿ ಅಂತಷ್ಟೇ ಇದೆ. ನಮ್ಮ ಆವತ್ತಿನ ಹಾರ್ಡ್ ಡಿಸ್ಕ್ ವಾದ ಅಲ್ಲಿಗೇ ಬಿತ್ತು.

ಎದ್ದವನಿಗೆ ಹಳೆಯದು ಯಾವುದೂ ನೆನಪಿಲ್ಲ. ಬೆಳಕು, ಹಸಿವು, ಚಳಿ, ಹಕ್ಕಿ ಕೂಗು ಎಲ್ಲ ಕಲಸಿಹೋಗಿ ಅವನಿಗೆ ಗೊತ್ತಾಗೋದು ಹಸುಗೂಸಿಗೆ ಗೊತ್ತಾಗುವ ಹಾಗೆ. ಬೆಂಕಿಗೆ ಕೈ ಹಾಕಿ ಸುಟ್ಟುಕೊಳ್ತಾನೆ. ಕಾಡಿನ ಅಂಚಿನ ಒಂದು ಮನೆಗೆ ಅಂಟಿದ ಗುಡಿಸಲಿನಲ್ಲಿ ಅಡಗಿ, ಗೋಡೆಯ ಸಂದಿಯಿಂದ ಆ ಸಂಸಾರವನ್ನ ನೋಡ್ತಾ ಮಾತು ಕಲೀತಾನೆ. ಮನೆಗೆ ಬಂದ ಪರದೇಶದ ಹುಡುಗಿಗೆ ಅವರು ಭಾಷೆ ಹೇಳಿಕೊಡುವಾಗ ಇವನೂ ಕದ್ದು ಕೇಳಿಸಿಕೊಳ್ತಾನೆ. ಸ್ಕೂಲಲ್ಲಿ ಇಂಗ್ಲಿಷು, ಬಾಗಿಲ ಮರೆಯಲ್ಲಿ ನಿಂತು ಅಜ್ಜಿ ಮತ್ತೆ ಅತ್ತೆಯಂದಿರ ಮಾತು ಕೇಳಿ ಕನ್ನಡ ಅಂತ ಬೆಳೆದ ನಮ್ಮಂಥವರಿಗೆ ಈ ಭಾಗ ಸ್ವಲ್ಪ ಜಾಸ್ತಿನೇ ತಟ್ಟುತ್ತೆ. ರಾತ್ರಿ ಅವರಿಗೆ ಗೊತ್ತಿಲ್ಲದ ಹಾಗೆ ಸೌದೆ ತಂದು ಹಾಕ್ತಾನೆ. ದಾರಿಯಲ್ಲಿ ಸಿಕ್ಕ ಮೂರು ಪುಸ್ತಕ ಓದ್ತಾನೆ, ಅದರಲ್ಲಿ ಒಂದು ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’. ಆಮೇಲೆ ತಾನು ಬರುವಾಗ ಎತ್ತಿಕೊಂಡ ಕೋಟಿನ ಜೇಬಿನಲ್ಲಿ ವಿಕ್ಟರನ ಟಿಪ್ಪಣಿ ಸಿಗುತ್ತೆ. ತನ್ನನ್ನ ಹೇಗೆ ಜೋಡಿಸಿದರು ಅನ್ನೋ ಲ್ಯಾಬ್ ರೆಕಾರ್ಡನ್ನ ತಾನೇ ಕೂತು ಓದ್ತಾನೆ ಪಾಪ.

ಇಷ್ಟೆಲ್ಲ ಮಾಡಿದವನಿಗೆ ಆತ್ಮ ಇಲ್ಲ ಅನ್ನೋಕೆ ನಮಗೆ ಬಾಯಿ ಬರಲಿಲ್ಲ. ಆದರೆ ಅದು ವಾಪಸ್ ಬಂದ ಆತ್ಮವೂ ಅಲ್ಲ. ಯಾರೂ ವಾಪಸ್ ಬಂದಿಲ್ಲ, ಹೊಸಬನೊಬ್ಬ ಬಂದಿದ್ದಾನೆ. ಅವನ ನಾನು ಅನ್ನೋದು ಮೂಳೆಯಿಂದ ಬಂದಿದ್ದಲ್ಲ, ಆ ಸಂದಿಯಿಂದ ಕಂಡ ಮುಖಗಳಿಂದ, ಕೇಳಿದ ಮಾತಿನಿಂದ ಕಟ್ಟಿಕೊಂಡಿದ್ದು. ಉಳಿದಿರೋದು ಒಂದೇ, ಆ ಕಡೆಯಿಂದ ಯಾರಾದರೂ ಉತ್ತರ ಕೊಡೋದು. ಅವನು ಮನೆಯ ಕುರುಡು ಮುದುಕನ ಹತ್ತಿರ ಹೋಗಿ ಮಾತಾಡ್ತಾನೆ. ಕಣ್ಣಿಲ್ಲದ ಮುದುಕ ಮನುಷ್ಯನ ಜೊತೆ ಮಾತಾಡೋ ಹಾಗೇ ಮಾತಾಡ್ತಾನೆ. ಅಷ್ಟರಲ್ಲಿ ಮಗ ಬಂದು ದೊಣ್ಣೆಯಿಂದ ಹೊಡೀತಾನೆ. ಇನ್ನು ಹುಟ್ಟಿಸಿದವನಂತೂ ಮೊದಲ ರಾತ್ರಿಯೇ, ಇವನು ಕೈಚಾಚಿ ಏನೋ ಹೇಳೋಕೆ ಹೊರಟಾಗಲೇ, ಹೆದರಿ ಓಡಿಹೋಗಿರ್ತಾನೆ. ಕೊನೆಯವರೆಗೂ ಒಂದು ಹೆಸರಿಡಲ್ಲ. ಪ್ರಾಜೆಕ್ಟ್ ಆನ್ ಆಯ್ತು, ಮುಂದಿನದು ನಮಗೆ ಸೇರಿದ್ದಲ್ಲ ಅನ್ನೋ ಮನುಷ್ಯ. ನಿಜ ಹೇಳಬೇಕೆಂದರೆ ವೈವಾ ಮುಗಿದ ಮೇಲೆ ನಾವೂ ಹೀಗೇ.

ಆ ಜೀವ ಮೊದಲು ಕೊಲ್ಲೋದು ವಿಕ್ಟರನ ಪುಟ್ಟ ತಮ್ಮನನ್ನ. ಹೆಸರು ವಿಲಿಯಂ. ಇದನ್ನ ಬರೆಯುವಾಗ ಮೇರಿಯ ಮಡಿಲಲ್ಲಿ 1816ರ ಜನವರಿಯಲ್ಲಿ ಹುಟ್ಟಿದ ಎರಡನೇ ಮಗು ಇತ್ತು. ಅದರ ಹೆಸರೂ ವಿಲಿಯಂ. ಅದು ಅವಳ ಅಪ್ಪನ ಹೆಸರೂ ಹೌದು, ಆದರೂ ಯಾವ ತಾಯಿ ಹಾಗೆ ಬರೆಯೋ ಧೈರ್ಯ ಮಾಡ್ತಾಳೆ ಅಂತ ನಮಗೆ ಇನ್ನೂ ಅರ್ಥವಾಗಿಲ್ಲ. ಬರವಣಿಗೆ ನಡೆದಿರುವಾಗಲೇ, ಆ ವರ್ಷದ ಕೊನೆಗೆ, ಮೇರಿಯ ಅಕ್ಕ ಫ್ಯಾನಿ ಪ್ರಾಣ ಕಳೆದುಕೊಂಡಳು. ಪರ್ಸಿಯ ಮೊದಲ ಹೆಂಡತಿ ಹ್ಯಾರಿಯೆಟ್ ಲಂಡನ್ನಿನ ಸರ್ಪೆಂಟೈನ್ ಕೆರೆಯಲ್ಲಿ ಹೆಣವಾಗಿ ಸಿಕ್ಕಳು. ಈ ಸಲ ಯಾರನ್ನೂ ಎಬ್ಬಿಸೋಕೆ ಆಗಲಿಲ್ಲ. ಡಿಸೆಂಬರ್ 30ಕ್ಕೆ ಮೇರಿ ಪರ್ಸಿ ಮದುವೆಯಾದರು.

‘ಫ್ರಾಂಕೆನ್‌ಸ್ಟೈನ್’ 1818ರ ಜನವರಿ 1ಕ್ಕೆ ಬಂತು. 500 ಪ್ರತಿ, ಮೂರು ಸಂಪುಟ, ಬರೆದವರ ಹೆಸರಿಲ್ಲ. ಮುನ್ನುಡಿ ಪರ್ಸಿಯದ್ದಾದ್ದರಿಂದ ಪುಸ್ತಕವೂ ಅವನದ್ದೇ ಅಂತ ಹಲವರು ಅಂದುಕೊಂಡರು. ಅದೇ ವರ್ಷ ಇಟಲಿಗೆ ಹೋದರು. ಸೆಪ್ಟೆಂಬರಿನಲ್ಲಿ ವೆನಿಸ್ಸಿನಲ್ಲಿ ಒಂದು ವರ್ಷದ ಮಗಳು ಕ್ಲಾರಾ ತೀರಿಕೊಂಡಳು. 1819ರ ಜೂನಿನಲ್ಲಿ ರೋಮಿನಲ್ಲಿ ವಿಲಿಯಂ ಜ್ವರದಿಂದ ಸತ್ತ, ಮೂರೂವರೆ ವರ್ಷ. ಆ ನವೆಂಬರಿನಲ್ಲಿ ಹುಟ್ಟಿದ ಪರ್ಸಿ ಫ್ಲಾರೆನ್ಸ್ ಒಬ್ಬನೇ ಕೊನೆಗೆ ಉಳಿದವನು.

1819ರ ಹೊತ್ತಿಗೆ ಮೇರಿ ‘ವಲೇರಿಯಸ್’ ಅಂತ ಒಂದು ಕಥೆ ಶುರುಮಾಡಿ ಅರ್ಧಕ್ಕೆ ಬಿಟ್ಟಳು. ಅದು ಅಚ್ಚಾಗಿದ್ದು 1976ರಲ್ಲಿ! ಪ್ರಾಚೀನ ರೋಮಿನ ಪ್ರಜೆಯೊಬ್ಬ ಮೇರಿಯ ಕಾಲದ ಇಟಲಿಯಲ್ಲಿ ಮತ್ತೆ ಜೀವಂತವಾಗಿ ಏಳ್ತಾನೆ. ಇವನದ್ದು ಹೊಲಿದ ದೇಹವಲ್ಲ. ಹಳೆಯ ನೆನಪು, ಹಳೆಯ ಮಾತು, ಹಳೆಯ ಅಭಿಮಾನ ಎಲ್ಲ ಸರಿಯಾಗೇ ಇದೆ. ಡೇಟಾ ಪೂರ್ತಿ ರಿಕವರ್ ಆಗಿದೆ ಅನ್ನಿ. ಆದರೆ ಅವನ ರೋಮ್ ಇಲ್ಲ, ಮುರಿದ ಕಂಬ ಇದೆ. ಅವನನ್ನ ಗುರುತಿಸುವವರು ಒಬ್ಬರೂ ಇಲ್ಲ. ಒಳ್ಳೆ ಮನಸ್ಸಿನ ಹೆಣ್ಣುಮಗಳೊಬ್ಬಳು ಅವನ ಜೊತೆ ಓಡಾಡ್ತಾಳೆ, ಆದರೂ ಅವನು ಈ ಲೋಕದವನು ಅಂತ ಅವಳಿಗೂ ಪೂರ್ತಿ ಅನ್ನಿಸಲ್ಲ. ಅಂದರೆ ಹೊಸಬನಿಗೆ ಬೇಕಾಗಿದ್ದೇ ಹಳಬನಿಗೂ ಬೇಕು. ನಾನು ಅನ್ನೋದರ ಅರ್ಧ ಭಾಗ ಸುತ್ತ ಇರೋ ಜನರ ಹತ್ತಿರ ಇರುತ್ತೆ, ಅವರು ಹೋದರೆ ಅದೂ ಹೋಗುತ್ತೆ ಅಂತ ಮೇರಿ ಹೇಳ್ತಿದ್ದಾಳೆ ಅಂತ ನಾವು ಓದಿಕೊಂಡೆವು. ತಪ್ಪಿದ್ದರೆ ಜಗಳಕ್ಕೆ ಬನ್ನಿ, ರೂಮ್ ಗೊತ್ತಲ್ಲ.

1822ರ ಜೂನ್ 16ಕ್ಕೆ ಗರ್ಭಪಾತವಾಗಿ ಮೇರಿ ರಕ್ತ ಸುರಿದು ಸಾಯುವ ಸ್ಥಿತಿಗೆ ಬಂದಳು. ವೈದ್ಯ ಬರೋದು ತಡವಾಯಿತು. ಪರ್ಸಿ ತೊಟ್ಟಿಗೆ ಮಂಜುಗಡ್ಡೆ ತುಂಬಿಸಿ ಅವಳನ್ನ ಅದರಲ್ಲಿ ಕೂರಿಸಿದ, ರಕ್ತ ನಿಂತಿತು. ಅವಳನ್ನ ಹೀಗೆ ಉಳಿಸಿದವನು ಮೂರು ವಾರಕ್ಕೆ, ಜುಲೈ 8ಕ್ಕೆ, ದೋಣಿ ಮಗುಚಿ ಸಮುದ್ರದಲ್ಲಿ ಮುಳುಗಿದ. ದೇಹ ಸಿಕ್ಕಿದ್ದು ಹತ್ತು ದಿನದ ಮೇಲೆ. ಆಗಸ್ಟಿನಲ್ಲಿ ಕಡಲ ದಡದಲ್ಲೇ ಸುಟ್ಟರು. ಹೃದಯ ಸುಡಲಿಲ್ಲ ಅಂತ ಗೆಳೆಯ ಟ್ರಿಲಾನಿ ಬೆಂಕಿಯೊಳಗೆ ಕೈಹಾಕಿ ಅದನ್ನ ತೆಗೆದ. ಮೇರಿಗೆ ಇಪ್ಪತ್ತನಾಲ್ಕು.

1823ರಲ್ಲಿ ಅವಳು ಮಗನ ಜೊತೆ ಲಂಡನ್ನಿಗೆ ವಾಪಸ್ ಬಂದಾಗ ಅಲ್ಲಿ ‘ಫ್ರಾಂಕೆನ್‌ಸ್ಟೈನ್’ ನಾಟಕವಾಗಿ ಓಡುತ್ತಿತ್ತು. ಹೋಗಿ ನೋಡಿದಳು. ಪಾತ್ರಧಾರಿಗಳ ಪಟ್ಟಿಯಲ್ಲಿ ಆ ಜೀವದ ಹೆಸರಿನ ಜಾಗದಲ್ಲಿ ಬರೀ ಒಂದು ಗೆರೆ ಹಾಕಿದ್ದರು. ಹೆಸರಿಲ್ಲದವನಿಗೆ ಹೆಸರಿಡುವ ಈ ರೀತಿ ಅವಳಿಗೆ ಇಷ್ಟವಾಯಿತು. ಆದರೆ ವೇದಿಕೆಯ ಮೇಲಿನ ಆ ಜೀವಕ್ಕೆ ಮಾತೇ ಇರಲಿಲ್ಲ. ಪುಸ್ತಕದಲ್ಲಿ ಅಷ್ಟು ಕಷ್ಟಪಟ್ಟು ಕಲಿತ ಮಾತನ್ನ ಮೊದಲ ನಾಟಕವೇ ಕಿತ್ತುಕೊಂಡಿತು. ನಾವು ನೋಡಿದ ಕಾರ್ಲಾಫ್ ಗುರುಗುಟ್ಟೋದು ಆ ಪರಂಪರೆಯಲ್ಲೇ. ಆ ವರ್ಷದ ಎರಡನೇ ಮುದ್ರಣದಲ್ಲಿ ಪುಸ್ತಕದ ಮೇಲೆ ಮೇರಿಯ ಹೆಸರು ಬಂತು.

ಆಮೇಲಿನ ಬದುಕು ಬರೆದು ದುಡಿದು ಮಗನನ್ನ ಓದಿಸಿದ ಬದುಕು. ಮಾವ ಸರ್ ತಿಮೊಥಿ ಶೆಲ್ಲಿ ಸಣ್ಣ ಮೊತ್ತ ಕೊಡುತ್ತಿದ್ದ, ಸತ್ತ ಮಗನ ಚರಿತ್ರೆ ಬರೆಯಬಾರದು ಅನ್ನೋ ಷರತ್ತಿನ ಮೇಲೆ. ಅವಳು ಗಂಡನ ಕವಿತೆಗಳನ್ನ ಸಂಪಾದಿಸಿ, ಟಿಪ್ಪಣಿಗಳೊಳಗೆ ಚರಿತ್ರೆ ತುರುಕಿದಳು, ಭಲೇ! 1824ರ ಮೇ ತಿಂಗಳಲ್ಲಿ ತನ್ನವರೆಲ್ಲ ಹೋದ ಮೇಲೆ ಉಳಿದ ಕೊನೆಯವಳು ತಾನು ಅನ್ನೋ ಭಾವನೆಯನ್ನ ಡೈರಿಯಲ್ಲಿ ಬರೆದಳು, ಮರುದಿನವೇ ಬೈರನ್ ಸತ್ತ ಸುದ್ದಿ ತಲುಪಿತು. 1826ರಲ್ಲಿ ‘ದ ಲಾಸ್ಟ್ ಮ್ಯಾನ್’ ಬಂತು. ಅದೇ ವರ್ಷ ಪತ್ರಿಕೆಗಳಲ್ಲಿ ಒಂದು ಸುಳ್ಳು ಸುದ್ದಿ ಹಬ್ಬಿತು. 1654ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಹೂತುಹೋಗಿದ್ದ ರೋಜರ್ ಡಾಡ್ಸ್‌ವರ್ತ್ ಅನ್ನುವವನನ್ನ ಅಗೆದು ತೆಗೆದು ಎಬ್ಬಿಸಿದ್ದಾರೆ ಅಂತ. ಮೇರಿ ಅವನ ಮೇಲೆ ಕಥೆ ಬರೆದಳು, ಈ ಸಲ ನಗ್ತಾ ನಗ್ತಾ. ಕ್ರಾಮ್‌ವೆಲ್ ಕಾಲದ ತಲೆ, ಎದ್ದಿರೋದು ಸ್ಟೀಮ್ ಎಂಜಿನ್ ಕಾಲದಲ್ಲಿ. ಅವನ ಜಗಳ, ಅವನ ಪಕ್ಷ, ಅವನ ಬಟ್ಟೆ ಯಾವುದಕ್ಕೂ ಗಿರಾಕಿ ಇಲ್ಲ. ಪಾಪ ಮತ್ತೆ ಸತ್ತುಹೋಗಿದ್ದರೂ ಹೋಗಿರಬಹುದು ಅಂತ ಅವಳೇ ಊಹಿಸ್ತಾಳೆ.

ಮೇರಿ ತೀರಿಕೊಂಡಿದ್ದು 1851ರ ಫೆಬ್ರುವರಿ 1ಕ್ಕೆ, ಲಂಡನ್ನಿನಲ್ಲಿ, ಐವತ್ಮೂರು ವರ್ಷಕ್ಕೆ. ವರ್ಷಗಟ್ಟಲೆ ತಲೆನೋವಿತ್ತು, ಮೆದುಳಿನ ಗೆಡ್ಡೆ ಅಂತ ವೈದ್ಯರ ಅನುಮಾನ. ಬೋರ್ನ್‌ಮೌತ್‌ನಲ್ಲಿ ಹೂತರು, ತಂದೆ ತಾಯಿಯ ಅವಶೇಷಗಳನ್ನೂ ಸೇಂಟ್ ಪ್ಯಾನ್‌ಕ್ರಾಸ್‌ನಿಂದ ತಂದು ಪಕ್ಕದಲ್ಲೇ ಇಟ್ಟರು. ಒಂದು ವರ್ಷ ತುಂಬಿದ ದಿನ ಮಗ ಸೊಸೆ ಅವಳ ಬರೆಯುವ ಪೆಟ್ಟಿಗೆ ತೆಗೆದರು. ಸತ್ತ ಮಕ್ಕಳ ಕೂದಲ ಎಳೆಗಳಿದ್ದವು. ಅವಳೂ ಪರ್ಸಿಯೂ ಒಟ್ಟಿಗೆ ಬರೆಯುತ್ತಿದ್ದ ನೋಟ್‌ಬುಕ್ ಇತ್ತು. ಅವನ ‘ಅಡೋನೇಸ್’ ಕವಿತೆಯ ಪ್ರತಿಯ ಒಂದು ಹಾಳೆ ಮಡಚಿತ್ತು, ಅದರೊಳಗೆ ರೇಷ್ಮೆ, ರೇಷ್ಮೆಯೊಳಗೆ ಬೂದಿ, ಮತ್ತೆ ಕಡಲ ದಡದಲ್ಲಿ ಸುಡದೆ ಉಳಿದಿದ್ದ ಆ ತುಂಡು.